ಪೂಜೆಯಾದ ಮೇಲೆ ತಪಾಸಣೆ

ನಾನು ನಿವೃತ್ತಳಾದ ಮೇಲೆ ನಮ್ಮ ಕನ್ನಡ ಕುಟುಂಬಗಳ ಮಕ್ಕಳು, ಇಲ್ಲೇ ಅಮೆರಿಕದಲ್ಲಿ ಹುಟ್ಟಿ ಬೆಳೆದು ಈಗ ಎಂಜಿನಿಯರಿಂಗ್ ಮುಗಿಸುತ್ತಿರುವವರು, ಒಂದು ಭಾನುವಾರ ನನ್ನನ್ನು ಹಿಡಿದು ಕೂರಿಸಿದರು. ವತ್ಸಲಾ ಆಂಟಿ ತಮ್ಮ ಕೆಲಸದ ಬಗ್ಗೆ ಸ್ಫೂರ್ತಿ ಬರುವಂಥ ನಾಲ್ಕು ಮಾತು ಹೇಳಬೇಕಂತೆ. ನನ್ನ ಹತ್ತಿರ ಅಂಥ ಸರಕು ಇಲ್ಲ. ಆದರೆ ಅವರಲ್ಲಿ ಇಬ್ಬರು ಕಾರಿನ ಉದ್ಯಮಕ್ಕೇ ಹೋಗುತ್ತಾರೆಂದು ತಿಳಿದು, ಈ ಕೆಲಸ ನಿಜವಾಗಿ ಹೇಗಿರುತ್ತದೆಂದು ಬರೆದಿಡೋಣ ಅನ್ನಿಸಿತು. ಸ್ಫೂರ್ತಿ ಬೇಕಾದವರು ಬೇರೆ ಅಂಗಡಿ ನೋಡಿಕೊಳ್ಳಲಿ.

ನಾನು ಮೈಸೂರಿನಲ್ಲಿ ಮೆಕ್ಯಾನಿಕಲ್ ಓದಿದವಳು. ಡೆಟ್ರಾಯ್ಟ್ ಹತ್ತಿರದ ಒಂದು ಬಿಡಿಭಾಗಗಳ ಕಂಪನಿಯಲ್ಲಿ ಆಲ್ ವೀಲ್ ಡ್ರೈವ್ ಕಾರುಗಳ ಪರೀಕ್ಷಾ ವಿಭಾಗದಲ್ಲಿ ದುಡಿದೆ. ಆಮೇಲೆ ಶಿಕಾಗೋ ಬಳಿಯ ಡೆಸ್ ಪ್ಲೇನ್ಸ್‌ನಲ್ಲಿ ಹಳೇ ಕಾರು ಮಾರುವ ಅಂಗಡಿಯಲ್ಲಿ ತಪಾಸಣೆ ಮಾಡಿದೆ. ಒಟ್ಟಿನಲ್ಲಿ ನನ್ನ ಆಯುಷ್ಯದ ಬಹುಪಾಲು ಕಾರುಗಳ ಕೆಳಗೆ ಕಳೆಯಿತು. ಇಷ್ಟಾದರೂ ನಮ್ಮವರ ಯಾವ ಮನೆಗೆ ಊಟಕ್ಕೆ ಹೋದರೂ ಗಂಡಸರು ಟೈರಿನ ವಿಷಯ, ಬ್ರೇಕಿನ ವಿಷಯ ಕೇಳುತ್ತಿದ್ದುದು ನಮ್ಮನೆಯವರನ್ನು. ಶ್ರೀನಾಥ್ ಅಕೌಂಟೆಂಟ್. ಕಾರಿನ ಬಾನೆಟ್ ತೆಗೆಯುವ ಹಿಡಿ ಎಲ್ಲಿದೆ ಎಂದು ಅವರಿಗೆ ಇವತ್ತಿಗೂ ಗೊತ್ತಿಲ್ಲ.

"ಸಾರ್, ಸ್ನೋಗೆ ಯಾವ ಟೈರ್ ಹಾಕಿಸ್ಲಿ?" ಎಂದು ಅವರನ್ನು ಕೇಳುತ್ತಿದ್ದರು. ಅವರು ನನ್ನ ಮುಖ ನೋಡುತ್ತಿದ್ದರು. ನಾನು ಉತ್ತರ ಹೇಳುತ್ತಿದ್ದೆ. ಕೇಳಿದಾತ ಅವರಿಗೇ ಥ್ಯಾಂಕ್ಸ್ ಹೇಳಿ ಹೋಗುತ್ತಿದ್ದ. ಮೊದಮೊದಲು ಮನೆಗೆ ಬಂದು ಇಬ್ಬರೂ ನಗುತ್ತಿದ್ದೆವು. ಕೊನೆಕೊನೆಗೆ ಅವರೊಬ್ಬರೇ ನಗುತ್ತಿದ್ದರು.

ಆಲ್ ವೀಲ್ ಡ್ರೈವ್ ಎಂದರೆ ಬ್ರಹ್ಮವಿದ್ಯೆಯೇನಲ್ಲ. ಸಾಮಾನ್ಯ ಕಾರಿನಲ್ಲಿ ಎಂಜಿನ್ ಮುಂದಿನ ಎರಡು ಚಕ್ರಗಳನ್ನು ಮಾತ್ರ ತಿರುಗಿಸುತ್ತದೆ. ಇದರಲ್ಲಿ ಮುಂದುಗಡೆ ಇನ್ನೊಂದು ಗೇರಿನ ಪೆಟ್ಟಿಗೆ ಇರುತ್ತದೆ. ಅಲ್ಲಿಂದ ಒಂದು ಉದ್ದನೆಯ ಉಕ್ಕಿನ ಶಾಫ್ಟ್ ಕಾರಿನ ಹೊಟ್ಟೆಯ ಕೆಳಗೆ ಹಾದು ಹಿಂದಿನ ಚಕ್ರಗಳಿಗೂ ಶಕ್ತಿ ಒಯ್ಯುತ್ತದೆ. ಮುಂದಿನ ಚಕ್ರ ಮಂಜಿನಲ್ಲಿ ಜಾರಿದರೆ ಹಿಂದಿನದು ತಳ್ಳುತ್ತದೆ. ಮಿಶಿಗನ್ನಿನ ಉತ್ತರದಲ್ಲಿ ಹೆಪ್ಪುಗಟ್ಟಿದ ಕೆರೆಯ ಮೇಲೆ ನಾವು ಇದನ್ನು ಪರೀಕ್ಷೆ ಮಾಡುತ್ತಿದ್ದೆವು. ಮೈನಸ್ ಹತ್ತು ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ರೆಪ್ಪೆಯ ಮೇಲೆ ಹಿಮ ಕೂರುತ್ತದೆ, ಪೆನ್ನು ಬರೆಯುವುದಿಲ್ಲ. ನನಗೆ ಆ ದಿನಗಳು ಇಷ್ಟವಾಗಿದ್ದವು. ಕೆರೆಯ ಮೇಲೆ ಕಾರು ನನ್ನ ಮಾತು ಕೇಳುತ್ತಿತ್ತು.

ಆ ವಿಭಾಗದ ಮುಖ್ಯಸ್ಥರು ಗುರುರಾಜ್, ನಮ್ಮ ಬೆಂಗಳೂರಿನವರೇ. ಬುದ್ಧಿವಂತರು, ಮಾತಿನ ಮಲ್ಲ. ಯುಗಾದಿ ಕಾರ್ಯಕ್ರಮದಲ್ಲಿ ಅವರದೇ ಸ್ವಾಗತ ಭಾಷಣ. ಹೊಸದಾಗಿ ಬಂದ ಹುಡುಗರಿಗೆ ಮನೆ ಹುಡುಕಿಕೊಡುವುದು, ಏರ್‌ಪೋರ್ಟಿನಿಂದ ಕರೆತರುವುದು ಎಲ್ಲ ಮಾಡುತ್ತಿದ್ದರು; ಅದನ್ನು ಇಲ್ಲ ಎನ್ನಲಾರೆ. ಒಂದು ಚಳಿಗಾಲ ಆ ಗೇರಿನ ಪೆಟ್ಟಿಗೆಯಲ್ಲಿ ಆಯಿಲ್ ತಡೆಯುವ ರಬ್ಬರ್ ಸೀಲು, ಕೊರೆಯುವ ಚಳಿಯಲ್ಲಿ ಗಡುಸಾಗಿ ಆಯಿಲ್ ಸೋರುವುದನ್ನು ನಾನು ಕಂಡುಹಿಡಿದೆ. ಆಯಿಲ್ ಹೋದರೆ ಒಳಗಿನ ಗೇರು ಸುಟ್ಟು ಪುಡಿಯಾಗುತ್ತದೆ. ಮೀಟಿಂಗಿನಲ್ಲಿ ನಾನು ಇದು ಪಾಸಾಗಿಲ್ಲ ಎಂದೆ. ಗುರುರಾಜ್ ಎಲ್ಲರೆದುರು ಹಲ್ಲು ಕಿರಿದು, "ಅವರು ಸ್ವಲ್ಪ ಜಾಸ್ತೀನೇ ಹೆದರ್ತಾರೆ, ತಾಯಿಯ ಹೃದಯ" ಎಂದು ಇಂಗ್ಲಿಷಿನಲ್ಲಿ ಹೇಳಿದರು. ಬಿಳಿಯ ಮ್ಯಾನೇಜರುಗಳು ನಕ್ಕರು. ಸೀಲ್ ಪಾಸಾಯಿತು.

ಹೊರಗೆ ಬಂದಮೇಲೆ ನನ್ನ ಹತ್ತಿರ ಕನ್ನಡದಲ್ಲಿ, "ಬೇಜಾರು ಮಾಡ್ಕೋಬೇಡಿ ವತ್ಸಲಾ. ಡೇಟ್ ಮುಂದಕ್ಕೆ ಹೋದ್ರೆ ನಮ್ಮ ಪ್ರಾಜೆಕ್ಟೇ ಇರಲ್ಲ" ಎಂದರು.

ಪ್ರಾಜೆಕ್ಟ್ ಹೇಗೂ ಉಳಿಯಲಿಲ್ಲ. ಆರ್ಥಿಕ ಹಿಂಜರಿತ ಬಂತು. ಪೆಟ್ರೋಲ್ ದುಬಾರಿಯಾಗಿ ಎಸ್‌ಯುವಿಗಳನ್ನು ಕೇಳುವವರಿರಲಿಲ್ಲ, ಆಮೇಲೆ ಯಾವ ಕಾರನ್ನೂ ಕೇಳುವವರಿರಲಿಲ್ಲ. ಒಂದು ಬೆಳಿಗ್ಗೆ ನಮ್ಮನ್ನು ಎರಡು ಕೋಣೆಗೆ ಹಂಚಿ ಕರೆದರು. ಕಿಟಕಿಯಿದ್ದ ಕೋಣೆಗೆ ಹೋದವರಿಗೆ ಕೆಲಸ ಉಳಿಯಿತು. ನನ್ನದು ಕಿಟಕಿಯಿಲ್ಲದ ಕೋಣೆ. ನನ್ನ ಟೂಲ್ ಪೆಟ್ಟಿಗೆಯನ್ನು ಬಾಗಿಲವರೆಗೆ ಹೊತ್ತು ತಂದ ಸೆಕ್ಯುರಿಟಿಯವನು ಒಬ್ಬನೇ ನನ್ನ ಮುಖ ನೋಡಿ ಸಾರಿ ಹೇಳಿದ್ದು. ಕೆಲವೇ ತಿಂಗಳಲ್ಲಿ ಗುರುರಾಜ್ ಅವರನ್ನೂ ಮನೆಗೆ ಕಳಿಸಿದರೆಂದು ತಿಳಿಯಿತು. ಖುಷಿಯಾಯಿತೇ ಎಂದು ಕೇಳಿದರೆ, ಒಂದು ಸಂಜೆಯ ಮಟ್ಟಿಗೆ ಆಯಿತು.

ನಮ್ಮನೆಯವರಿಗೆ ಡೌನರ್ಸ್ ಗ್ರೋವ್‌ನಲ್ಲಿ ಕೆಲಸ ಸಿಕ್ಕಿ ನಾವು ಶಿಕಾಗೋ ಕಡೆಯ ಆ ಊರಿಗೆ ಬಂದೆವು. ನಾನು ಅಲ್ಲಿ ಇಲ್ಲಿ ಅಪ್ಲೈ ಮಾಡಿ ಮಾಡಿ ಸೋತು, ಡೆಸ್ ಪ್ಲೇನ್ಸ್‌ನಲ್ಲಿ ವಿಮಾನಗಳು ತಲೆಯ ಮೇಲೇ ಇಳಿಯುವ ಆ ಹಳೇ ಕಾರಿನ ಅಂಗಡಿಗೆ ಸೇರಿದೆ. ಮ್ಯಾನೇಜರ್ ರಿಕ್ ನನ್ನ ಅರ್ಜಿ ನೋಡಿ, ಇಷ್ಟು ಓದಿದವಳು ಇಲ್ಲಿಗೇಕೆ ಎಂದು ಕೇಳಲಿಲ್ಲ. ಆ ವರ್ಷ ಯಾರೂ ಯಾರನ್ನೂ ಹಾಗೆ ಕೇಳುತ್ತಿರಲಿಲ್ಲ.

ಅಲ್ಲಿ ಕಲಿತದ್ದನ್ನು ಹೇಳುತ್ತೇನೆ, ಇದು ಪುಸ್ತಕದಲ್ಲಿ ಸಿಗುವುದಿಲ್ಲ. ಹಳೇ ಕಾರಿಗೆ ಮೇಲಿನ ಬಣ್ಣ ನೋಡಬೇಡಿ, ಕೆಳಗೆ ನೋಡಿ. ಈ ಕಡೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಬಾಗಿಲು ಫಳಫಳ ಹೊಳೆಯುತ್ತಿದ್ದರೂ ಬ್ರೇಕಿನ ಪೈಪು ತುಕ್ಕು ಹಿಡಿದು ಹಪ್ಪಳವಾಗಿರುತ್ತದೆ. ಕೆಳಗೆ ಹೊಸದಾಗಿ ಕರೀ ಬಣ್ಣ ಬಳಿದಿದ್ದರೆ ಯಾಕೆ ಬಳಿದರೆಂದು ಕೇಳಿ. ಆಲ್ ವೀಲ್ ಡ್ರೈವ್ ಆದರೆ ನಾಲ್ಕು ಟೈರೂ ಒಂದೇ ಸಮ ಸವೆದಿರಬೇಕು. ಎರಡು ಹೊಸದು ಎರಡು ಹಳೆಯದು ಹಾಕಿ ಉಳಿತಾಯ ಮಾಡಿದ ಜಾಣರ ಗೇರು ಒಳಗೊಳಗೇ ತೇಯುತ್ತಿರುತ್ತದೆ. ನಾನು ಸೇರಿದಾಗ ಇದನ್ನೆಲ್ಲ ಟಾರ್ಚು, ಸುತ್ತಿಗೆ, ಕಿವಿ ಇಟ್ಟುಕೊಂಡು ಮಾಡುತ್ತಿದ್ದೆವು. ಹೊರಡುವ ಹೊತ್ತಿಗೆ ಹುಡುಗರು ಒಂದು ಯಂತ್ರ ಚುಚ್ಚಿ ಪರದೆ ನೋಡಿ ಮುಗಿಸುತ್ತಿದ್ದರು. ಪರದೆ ತುಕ್ಕನ್ನು ತೋರಿಸುವುದಿಲ್ಲ ಎಂದರೆ, ಆಂಟಿ ಹಳೇ ಕಾಲದವರು ಎಂಬಂತೆ ನೋಡುತ್ತಿದ್ದರು.

ಆ ವರ್ಷಗಳಲ್ಲಿ ಕಾರು ಮಾರಲು ಬಂದವರು ಬೀಗದ ಕೈ ಕೊಡದೆ ಹಿಡಿದುಕೊಂಡೇ ನಿಲ್ಲುತ್ತಿದ್ದರು. ಮಕ್ಕಳ ಸೀಟಿನ ಸಂದಿಯಲ್ಲಿ ತಿಂದು ಚೆಲ್ಲಿದ ತಿಂಡಿಯ ಚೂರುಗಳು ಇನ್ನೂ ಇರುತ್ತಿದ್ದವು. ಕೊಳ್ಳಲು ಬರುವ ನಮ್ಮವರದು ಇನ್ನೊಂದು ಕಥೆ. ನಾನು ಲಿಫ್ಟಿನ ಮೇಲೇರಿಸಿ ತುಕ್ಕು ತೋರಿಸುತ್ತಿದ್ದರೆ ಅವರು ಡ್ಯಾಶ್‌ಬೋರ್ಡಿನ ಮೇಲೆ ಗಣಪತಿ ಅಂಟಿಸಿದ್ದ ಗುರುತಿದೆಯೇ ಎಂದು ನೋಡುತ್ತಿದ್ದರು. ನಮ್ಮವರು ಓಡಿಸಿದ ಕಾರಾದರೆ ಚೆನ್ನಾಗಿ ಇಟ್ಟಿರುತ್ತಾರೆ ಎಂಬ ನಂಬಿಕೆ. ಊರಿನಲ್ಲಿ ಅಣ್ಣ ತಮ್ಮಂದಿರನ್ನೂ ನಂಬದವರು ಇಲ್ಲಿ ಕನ್ನಡ ಮಾತಾಡಿದ ಮಾತ್ರಕ್ಕೆ ಕಾರನ್ನು ನಂಬುತ್ತಿದ್ದರು.

ರಮ್ಯಾ ನನಗೆ ಪರಿಚಯವಾದದ್ದು ಆಗಲೇ. ಬೆಂಗಳೂರಿನ ಹುಡುಗಿ, ಡೆಟ್ರಾಯ್ಟ್‌ನ ಒಂದು ಆಸ್ಪತ್ರೆಯಲ್ಲಿ ಸರ್ಜರಿ ತರಬೇತಿಯಲ್ಲಿದ್ದಳು. ಗಂಡ ಸಂದೀಪ್ ಸಾಫ್ಟ್‌ವೇರ್. ಕೆಲಸ ಹೋಗಿ ಡೌನರ್ಸ್ ಗ್ರೋವ್‌ನಲ್ಲಿ ನಮ್ಮ ಪಕ್ಕದ ಬಡಾವಣೆಯಲ್ಲೇ ಇದ್ದ. ಎರಡು ವರ್ಷದ ಮಗಳು ಅವನ ಹತ್ತಿರ. ನೋಡಿಕೊಳ್ಳಲು ಧಾರವಾಡದಿಂದ ಅವನ ತಾಯಿ ಬಂದಿದ್ದರು. ರಮ್ಯಾ ರಜೆ ಸಿಕ್ಕಾಗಲೆಲ್ಲ ಮಗುವಿಗಾಗಿ ಡೆಟ್ರಾಯ್ಟ್‌ನಿಂದ ಓಡಿ ಬರುವುದು, ಮತ್ತೆ ಡ್ಯೂಟಿಗೆ ಹೊತ್ತಿಗೆ ಸರಿಯಾಗಿ ಮರಳುವುದು. ನಡುವೆ ಮಿಶಿಗನ್ ಸರೋವರದ ದಂಡೆಯ ಹೈವೇ ಇದೆಯಲ್ಲ, ಅಲ್ಲಿ ಆಕಾಶ ಶುಭ್ರವಾಗಿದ್ದು ಮುಂದಿನ ಎಕ್ಸಿಟ್ ಬರುವಷ್ಟರಲ್ಲಿ ಎದುರಿನ ಕಾರು ಕಾಣದಷ್ಟು ಹಿಮ ಸುರಿಯುತ್ತದೆ. ಆ ಮನೆಗೆ ಸಂಬಳ ಬರುತ್ತಿದ್ದ ಕೆಲಸ ಅವಳದೊಂದೇ. ಅವಳಿಗೆ ನಂಬಿಕೆಯ ಕಾರು ಬೇಕಿತ್ತು.

"ಆಂಟಿ, ಹಳೇದಾದ್ರೂ ಪರವಾಗಿಲ್ಲ, ಆಲ್ ವೀಲ್ ಡ್ರೈವ್ ಎಸ್‌ಯುವಿ ಬೇಕು. ಸ್ನೋ ಬಿದ್ರೆ ನನ್ನ ಕಾರು ಹೈವೇ ರ‍್ಯಾಂಪ್ ಹತ್ತಲ್ಲ" ಎಂದು ಫೋನಿನಲ್ಲಿ ಕೇಳಿದಳು. ಗಂಡನನ್ನು ಕೇಳದೆ ನನ್ನನ್ನೇ ಕೇಳಿದ ಮೊದಲ ಕನ್ನಡದವಳು ಅವಳು. ನನಗೆ ಅಷ್ಟಕ್ಕೇ ಅವಳ ಮೇಲೆ ಪ್ರೀತಿ ಬಂದುಬಿಟ್ಟಿತು.

"ಯಾವ ಕಾರು ಸಿಕ್ಕಿದ್ರೂ ಮೊದಲು ನನ್ನ ಲಿಫ್ಟಿಗೆ ತಗೊಂಬಾ. ಮಿಕ್ಕಿದ್ದೆಲ್ಲ ಆಮೇಲೆ" ಎಂದೆ.

ಆಗಲಿ ಎಂದಳು. ಆಮೇಲೆ ಫೋನ್ ಬಂದದ್ದು ಸಂದೀಪನಿಂದ. "ಆಂಟಿ, ಕಾರು ಸಿಕ್ತು. ಗುರುರಾಜ್ ಅಂಕಲ್ ಅವರದ್ದು, ನಿಮ್ಗೆ ಗೊತ್ತಲ್ಲ. ಶನಿವಾರ ಟೆಂಪಲ್‌ನಲ್ಲಿ ವಾಹನ ಪೂಜೆ, ದಿನ ಚೆನ್ನಾಗಿದೆ ಅಂತ ಅಮ್ಮ ನೋಡಿದಾರೆ. ನೀವೂ ಅಂಕಲ್ಲೂ ಬನ್ನಿ. ಹಾಗೇ ಕಾರೂ ಒಂದ್ಸಲ ನೋಡ್ದಂಗಾಗುತ್ತೆ."

ಗುರುರಾಜ್ ಮಿಶಿಗನ್ನಿನ ಮನೆ ಕಳೆದುಕೊಂಡು ನಮ್ಮೂರಿನ ಹತ್ತಿರದ ನೇಪರ್‌ವಿಲ್‌ನ ಮಗಳ ಮನೆಗೆ ಬಂದಿದ್ದರು. ಅವರ ಎಸ್‌ಯುವಿ ನನಗೆ ಗೊತ್ತಿತ್ತು; ನಮ್ಮ ಕಂಪನಿಯ ಗೇರಿನ ಪೆಟ್ಟಿಗೆಯೇ ಅದರಲ್ಲಿದ್ದದ್ದು. "ಪೂಜೆಗಿಂತ ಮುಂಚೆ ನೋಡ್ಬೇಕು ಸಂದೀಪ" ಎಂದೆ. "ಅಂಕಲ್ಲೇ ಇದನ್ನ ಡಿಸೈನ್ ಮಾಡಿದೋರಂತೆ ಆಂಟಿ, ಅವರ ಕಾರನ್ನ ಏನು ನೋಡೋದು?" ಎಂದು ನಕ್ಕ. ರಮ್ಯಾ ಶನಿವಾರ ಬೆಳಿಗ್ಗೆಯಷ್ಟೇ ಬಂದು ಅದೇ ಕಾರಿನಲ್ಲಿ ಮಧ್ಯಾಹ್ನ ಹಿಂತಿರುಗಬೇಕಿತ್ತು.

ಇದು ನಮ್ಮವರು ಮಾತ್ರ ಮಾಡಬಲ್ಲ ತಪ್ಪು ಎಂದು ನನ್ನ ಅಭಿಪ್ರಾಯ. ಊರಿನಲ್ಲಿ ಶೋರೂಮಿನಿಂದ ಹೊಸ ಕಾರು ತಂದು ಪೂಜೆ ಮಾಡಿಸುವ ಕ್ರಮವನ್ನು ಇಲ್ಲಿ ಎಷ್ಟೋ ಸಾವಿರ ಮೈಲಿ ಓಡಿದ ಕಾರಿಗೆ ಹಾಗೆಯೇ ತಂದು ಹಚ್ಚಿದ್ದೇವೆ. ಹಾರ ಹಾಕಿ, ಕುಂಕುಮವಿಟ್ಟು, ಮಂಗಳಾರತಿ ಆದ ಮೇಲೆ ಆ ಕಾರು ಬೇಡ ಎನ್ನಲು ಯಾರಿಗೆ ಬಾಯಿ ಬರುತ್ತದೆ? ತಾಳಿ ಕಟ್ಟಿದ ಮೇಲೆ ಜಾತಕ ನೋಡಿದ ಹಾಗೆ.

ಶನಿವಾರ ದೇವಸ್ಥಾನದ ಪಾರ್ಕಿಂಗ್ ಲಾಟಿನಲ್ಲಿ ತುಳಿದು ತುಳಿದು ಗಾಜಿನಂತಾದ ಹಿಮ. ನಾನು ರೇಷ್ಮೆ ಸೀರೆಯ ಮೇಲೆ ದಪ್ಪ ಕೋಟು ಹಾಕಿ, ಕಾಲಿಗೆ ಸ್ನೋ ಬೂಟು ಹಾಕಿ ನಿಂತಿದ್ದೆ. ಸಂದೀಪನ ತಾಯಿ, ಗುರುರಾಜ್, ಅವರ ಹೆಂಡತಿ, ಕನ್ನಡ ಸಂಘದ ಹತ್ತಾರು ಜನ ಸೇರಿದ್ದರು. ಭಟ್ಟರು ಮಂತ್ರ ಮುಗಿಸಿ ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ರಮ್ಯಾ ಮಗಳನ್ನು ಅತ್ತೆಯ ಕೈಗೆ ಕೊಟ್ಟು, ಸ್ಟಿಯರಿಂಗಿಗೆ ನಮಸ್ಕಾರ ಮಾಡಿ ಗೇರ್ ಹಾಕಿದಳು.

ಮುಂದಿನ ಚಕ್ರಗಳು ಗಿರ್ರನೆ ತಿರುಗಿ ನಿಂಬೆಹಣ್ಣನ್ನು ಅಪ್ಪಚ್ಚಿ ಮಾಡಿ ಹಿಂದಕ್ಕೆ ಎಸೆದವು. ಕಾರು ಕದಲಲಿಲ್ಲ. ಇನ್ನೊಮ್ಮೆ ಒತ್ತಿದಳು. ಮುಂದಿನವು ಅಲ್ಲೇ ತಿರುಗಿದವು. ಹಿಂದಿನ ಚಕ್ರಗಳು ಅಲುಗಾಡಲಿಲ್ಲ, ಅವುಗಳ ಕೆಳಗಿನ ನಿಂಬೆಹಣ್ಣು ಇಟ್ಟ ಹಾಗೇ ಇದ್ದವು. "ಐಸ್ ಜಾಸ್ತಿ ಇದೆ" ಎಂದು ಯಾರೋ ಅಂದರು. ನಾಲ್ಕು ಗಂಡಸರು ಹಿಂದೆ ಹೋಗಿ ಹೈಸಾ ಎಂದು ತಳ್ಳಿದರು. ಹಿಂದಿನ ನಿಂಬೆಹಣ್ಣು ಆಗ ಒಡೆಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವರು ತಳ್ಳುತ್ತಿದ್ದ ಡಿಕ್ಕಿಯ ಮೇಲೆ ಆಲ್ ವೀಲ್ ಡ್ರೈವ್ ಎಂಬ ಬೆಳ್ಳಿ ಅಕ್ಷರಗಳು ಹೊಳೆಯುತ್ತಿದ್ದವು.

ನಾನು ಸೀರೆಯನ್ನು ಎತ್ತಿ ಕಟ್ಟಿ, ಆ ಹಿಮದ ಮೇಲೆ ಮಂಡಿಯೂರಿ, ತಲೆ ಬಗ್ಗಿಸಿ ಕಾರಿನ ಕೆಳಗೆ ನೋಡಿದೆ. ಶಾಫ್ಟ್ ಇರಲೇ ಇಲ್ಲ. ಮುಂದಿನಿಂದ ಹಿಂದಿನವರೆಗೆ ಬರೀ ಖಾಲಿ ಜಾಗ, ಆಚೆ ಬದಿ ನಿಂತವರ ಬೂಟುಗಳು ಕಾಣುತ್ತಿದ್ದವು. ಗೇರಿನ ಪೆಟ್ಟಿಗೆಯ ಸುತ್ತ ಹಳೆಯ ಆಯಿಲ್ ಸೋರಿ ಕಪ್ಪಗೆ ಗಟ್ಟಿಯಾಗಿತ್ತು. ನನಗೆ ಎಲ್ಲ ಅರ್ಥವಾಯಿತು. ಅದೇ ಸೀಲ್ ಸೋರಿ ಗೇರು ಸುಟ್ಟಿದೆ. ರಿಪೇರಿ ಮಾಡಿಸುವ ಬದಲು ಶಾಫ್ಟನ್ನೇ ಬಿಚ್ಚಿಸಿ ಬಿಸಾಡಿ ಮುಂದಿನ ಎರಡು ಚಕ್ರದಲ್ಲೇ ಓಡಿಸಿದ್ದಾರೆ. ಅಷ್ಟು ಹಳೇ ಮಾಡೆಲ್ಲಿನಲ್ಲಿ ಅದನ್ನು ಹೇಳುವ ದೀಪವೂ ಇರಲಿಲ್ಲ.

ಎದ್ದು ನಿಂತು ಎಲ್ಲರಿಗೂ ಕೇಳುವಂತೆಯೇ ಹೇಳಿದೆ. "ಸಂದೀಪ, ಇದು ಆಲ್ ವೀಲ್ ಡ್ರೈವ್ ಅಲ್ಲ. ಶಾಫ್ಟ್ ತೆಗೆದುಹಾಕಿದಾರೆ. ಹಿಂದಿನ ಚಕ್ರ ಸುಮ್ನೆ ಉರುಳುತ್ತೆ ಅಷ್ಟೆ. ಟೈರೂ ಸವೆದಿದೆ. ಇದ್ರಲ್ಲಿ ಇವಳನ್ನ ಇವತ್ತು ಕಳಿಸ್ಬೇಡ."

ಮೊದಲು ಮಾತಾಡಿದ್ದು ಸಂದೀಪನ ತಾಯಿ. "ಪೂಜಾ ಆಗ್ಯದ. ಗಾಡಿ ಮುಂದ ನಿಂತು ಹಿಂಗ ಅಪಶಕುನ ಮಾತಾಡಬಾರದ್ರಿ" ಎಂದು ಮಗುವನ್ನು ಎದೆಗೆ ಒತ್ತಿಕೊಂಡರು.

ಗುರುರಾಜ್ ನಕ್ಕರು. ಅದೇ ಮೀಟಿಂಗಿನ ನಗು. "ವತ್ಸಲಾ ಮೇಡಮ್ಮು ಮೊದ್ಲಿಂದ ಹೀಗೇ. ಎಲ್ಲಾದಕ್ಕೂ ಹೆದರ್ತಾರೆ. ಹೋದ ವಿಂಟರ್ ಪೂರ್ತಿ ನಾನೇ ಓಡ್ಸಿದೀನಪ್ಪ, ಏನೂ ಆಗಿಲ್ಲ."

"ಶಾಫ್ಟ್ ಇದೆಯಾ ಇಲ್ವಾ, ಅದನ್ನ ಹೇಳಿ ಸಾರ್" ಎಂದೆ.

"ಪಾರ್ಕಿಂಗ್ ಲಾಟಲ್ಲಿ ಮಾತಾಡೋ ವಿಷಯಾನಾ ಇದು?" ಎಂದರು. ಸುತ್ತ ನಿಂತವರು ತಲೆಯಾಡಿಸಿದರು. ಶಾಫ್ಟ್ ಇಲ್ಲದಿರುವುದಕ್ಕಿಂತ ನಾನು ಅದನ್ನು ಹೇಳಿದ್ದೇ ಅವರಿಗೆ ಅಸಭ್ಯವಾಗಿ ಕಂಡಿತು. ಬಗ್ಗಿ ನೋಡಲು ಅವರಲ್ಲಿ ಒಬ್ಬರೂ ಮುಂದೆ ಬರಲಿಲ್ಲ. ನಮ್ಮನೆಯವರು ನನ್ನ ತೋಳು ಹಿಡಿದು, "ಬಿಡು, ಹೇಳಿದೀಯಲ್ಲ" ಎಂದರು. ಸಂದೀಪ ಮುಖ ಕೆಂಪಗೆ ಮಾಡಿಕೊಂಡು, "ಮುಂದಿನ ವಾರ ಶಾಪ್‌ಗೆ ತೋರಿಸ್ತೀವಿ ಆಂಟಿ" ಎಂದ.

ನಾನು ರಮ್ಯಾಳತ್ತ ತಿರುಗಿದೆ. "ನನ್ನ ಕಾರು ತಗೊಂಡು ಹೋಗು. ಇದನ್ನ ಇಲ್ಲೇ ಬಿಡು" ಎಂದೆ. ಅವಳು ಸಂದೀಪನನ್ನೂ ಅತ್ತೆಯನ್ನೂ ನೋಡಿದಳು. "ಪರವಾಗಿಲ್ಲ ಆಂಟಿ, ನಿಧಾನಕ್ಕೆ ಹೋಗ್ತೀನಿ" ಎಂದಳು.

ಎಲ್ಲರೂ ಊಟಕ್ಕೆಂದು ಒಳಗೆ ಹೋಗುವಾಗ ಗುರುರಾಜ್ ನನ್ನ ಹತ್ತಿರ ಬಂದು ದನಿ ತಗ್ಗಿಸಿದರು. "ನಂಗೂ ಮನೆ ನಡೀಬೇಕಲ್ಲ ವತ್ಸಲಾ. ಮಗಳ ಮನೇಲಿ ಕೂತು ತಿನ್ನೋದು ನಿಮಗೆ ಗೊತ್ತಿಲ್ಲ." ಕಣ್ಣಲ್ಲಿ ನೀರಿತ್ತು. ಅವರ ಮೇಲೆ ಕನಿಕರ ಹುಟ್ಟಬೇಕಿತ್ತು. ಹುಟ್ಟಲಿಲ್ಲ, ಇವತ್ತಿಗೂ ಹುಟ್ಟಿಲ್ಲ. ಬಡತನ ನನಗೂ ಬಂದಿತ್ತು. ಒಂದು ಹುಡುಗಿಯ ಕಾರಿನ ಅರ್ಧ ಜೀವ ತೆಗೆದು ಅದನ್ನು ಇಡಿಯೆಂದು ಮಾರಲು ನನಗೆ ತೋಚಿರಲಿಲ್ಲ.

ಆ ಮುಂದಿನ ವಾರ ಬರಲೇ ಇಲ್ಲ. ನಾನು ಸಂದೀಪನಿಗೆ ಫೋನ್ ಮಾಡಿದೆ, ಅವನು ಎತ್ತಲಿಲ್ಲ. ರಮ್ಯಾಳಿಗೆ ಮಾಡಿದೆ, ಡ್ಯೂಟಿಯಲ್ಲಿದ್ದೇನೆ, ಶಾಪ್‌ಗೆ ಕೊಡುತ್ತೇವೆ ಎಂದು ಮೆಸೇಜ್ ಬಂತು. ಅದಾಗಿ ಒಂದು ತಿಂಗಳಿಗೆ, ಮಗುವನ್ನು ನೋಡಿಕೊಂಡು ಮರಳುವಾಗ ಸರೋವರದ ದಂಡೆಯಲ್ಲಿ ಹಿಮ ಹಿಡಿಯಿತು. ಪೆಟ್ರೋಲ್ ಹಾಕಿಸಲೆಂದು ಹೈವೇ ಬಿಟ್ಟು ಎಕ್ಸಿಟ್ ತೆಗೆದುಕೊಂಡಳಂತೆ. ರ‍್ಯಾಂಪಿನ ಏರಿನ ಅರ್ಧದಲ್ಲಿ ಮುಂದಿನ ಚಕ್ರಗಳು ತಿರುಗುತ್ತ ನಿಂತವು. ತಳ್ಳುವುದಕ್ಕೆ ಹಿಂದಿನ ಚಕ್ರಗಳಿಗೆ ಶಕ್ತಿಯಿಲ್ಲ. ಕಾರು ಅಡ್ಡಡ್ಡಲಾಗಿ ಜಾರಿತು. ಹಿಂದೆ ಬಂದ ಪಿಕಪ್ ನಿಲ್ಲಲಾಗದೆ ಬಂದು ಬಾಗಿಲಿಗೆ ಗುದ್ದಿತು.

ಜೀವಕ್ಕೇನೂ ಆಗಲಿಲ್ಲ. ಸ್ಟಿಯರಿಂಗ್ ಹಿಡಿದಿದ್ದ ಬಲಗೈಯ ಮಣಿಕಟ್ಟು ಪುಡಿಯಾಯಿತು. ಎರಡು ಬಾರಿ ಆಪರೇಷನ್ ಮಾಡಿದರು, ಬೆರಳುಗಳಿಗೆ ಮೊದಲಿನ ಹಿಡಿತ ಬರಲಿಲ್ಲ. ಚಮಚ ಹಿಡಿಯಬಹುದಾದ ಕೈಯಲ್ಲಿ ಆಪರೇಷನ್ ಚಾಕು ಹಿಡಿಯಲಾಗುವುದಿಲ್ಲ. ಅವಳು ಸರ್ಜರಿ ಬಿಟ್ಟಳು.

ನಾನು ನೋಡಲು ಹೋದಾಗ ಸಂದೀಪನ ತಾಯಿ ಬಾಗಿಲಲ್ಲೇ, "ಅವತ್ತ ಪೂಜಾ ಮಾಡಿಸಿದ್ವಿ ಅಂತ ಜೀವ ಉಳೀತು ನೋಡ್ರಿ" ಎಂದರು. ಆಮೇಲೆ, "ಆದ್ರ ನಿಮ್ಮ ಬಾಯಿಂದ ಅವತ್ತ ಆ ಮಾತು ಬರಬಾರದಿತ್ತು" ಎಂದರು. ಸಂಘದಲ್ಲೂ ಮಾತು ಹಾಗೆಯೇ ಹರಡಿತು. ಗುರುರಾಜ್ ಅವರ ಕಾರು ಗಟ್ಟಿ, ಅದಕ್ಕೇ ಹುಡುಗಿ ಉಳಿದಳು. ವತ್ಸಲಾ ನಾಲಿಗೆ ಒಳ್ಳೆಯದಲ್ಲ. ಆ ವರ್ಷದಿಂದ ಊಟದ ಮನೆಗಳಲ್ಲಿ ಟೈರಿನ ವಿಷಯ ನಮ್ಮನೆಯವರನ್ನೂ ಯಾರೂ ಕೇಳಲಿಲ್ಲ. ಗುರುರಾಜ್ ಮಾತ್ರ ರಾಜ್ಯೋತ್ಸವದಲ್ಲಿ ಶಾಲು ಹೊದಿಸಿಕೊಂಡರು. ನಾನೂ ಸಭೆಯಲ್ಲಿ ಕೂತು ನೋಡಿದೆ, ಕೈಚಪ್ಪಾಳೆ ಹೊಡೆಯಲಿಲ್ಲ.

ವರ್ಷಗಳಾದ ಮೇಲೆ ರಮ್ಯಾ ಒಂದು ದಿನ ಒಬ್ಬಳೇ ನಮ್ಮ ಮನೆಗೆ ಬಂದಳು. ಈಗ ಇಲ್ಲೇ ಹತ್ತಿರದ ಆಸ್ಪತ್ರೆಯಲ್ಲಿ ಎಕ್ಸ್‌ರೇ, ಸ್ಕ್ಯಾನ್ ನೋಡುವ ವಿಭಾಗದಲ್ಲಿದ್ದಾಳೆ. ಮಗಳು ಹೈಸ್ಕೂಲಿಗೆ ಹೋಗುತ್ತಾಳೆ. ಅದೂ ಇದೂ ಮಾತಾಡಿದೆವು. ಟೀ ಮಾಡಿಕೊಟ್ಟೆ. ಲೋಟದ ಕಡೆಗೇ ನೋಡುತ್ತ ಹೇಳಿದಳು:

"ಆಂಟಿ, ಅವತ್ತು ನೀವೆಲ್ಲ ಊಟಕ್ಕೆ ಒಳಗೆ ಹೋದ್ರಲ್ಲ, ಆಗ ನಾನು ವಾಪಸ್ ಬಂದು ಬಗ್ಗಿ ನೋಡ್ದೆ. ನೀವು ಹೇಳಿದ್ದು ನಿಜ ಅಂತ ನಂಗೆ ಅವತ್ತೇ ಗೊತ್ತಿತ್ತು."

ಇಷ್ಟು ವರ್ಷ ಅವಳು ನನ್ನನ್ನು ನಂಬಲಿಲ್ಲವೆಂದು ಕೊರಗಿದ್ದೆ. ನಂಬಿದ್ದಳು ಎನ್ನುವುದು ಅದಕ್ಕಿಂತ ಹೆಚ್ಚು ನೋಯಿಸಿತು. "ಮತ್ತೆ ಯಾಕೆ ಹೋದೆ ರಮ್ಯಾ?" ಎಂದೆ.

"ಅಷ್ಟು ಜನ ಹಿರಿಯರು ಒಳಗೆ ಊಟಕ್ಕೆ ಕೂತಿದ್ರು ಆಂಟಿ. ಅತ್ತೆ ಖುಷಿಯಾಗಿದ್ರು. ಹೋಗಿ ಏನಂತ ಹೇಳ್ಲಿ?"

ಕಾರಿನ ಕೆಳಗೆ ನೋಡುವುದನ್ನು ನಾನು ಯಾವ ಹುಡುಗ ಹುಡುಗಿಗಾದರೂ ಒಂದು ವಾರದಲ್ಲಿ ಕಲಿಸಬಲ್ಲೆ. ಅಲ್ಲಿ ಕಂಡದ್ದನ್ನು ಅಷ್ಟು ಜನರೆದುರು ಹೇಳುವುದನ್ನು ಕಲಿಸಲು ಮಾತ್ರ ನನಗೆ ಬರುವುದಿಲ್ಲ. ಟೀ ಆರುತ್ತಿದೆ, ಕುಡಿ ಎಂದೆ. ಅವಳು ಬಲಗೈಯನ್ನು ಮಡಿಲಲ್ಲೇ ಬಿಟ್ಟು ಎಡಗೈಯಲ್ಲಿ ಲೋಟ ಎತ್ತಿಕೊಂಡಳು.